ಮೈಸೂರಿನ ಮಧ್ಯಾಹ್ನ

ಮಾನ್ಯಳಿಗೆ ಈಜು ಬರುತ್ತಿರಲಿಲ್ಲ. ಅವಳ ಅಪ್ಪ ಹರಿದಾಸ ಮಲ್ಪೆಯ ಕಡಲಿನಲ್ಲಿ ಈಜಿ ಬೆಳೆದವನು. ಮಗಳು ಹುಟ್ಟಿ ಬೆಳೆದದ್ದು ಕೊಲ್ಕತ್ತದ ಟಾಲಿಗಂಜಿನಲ್ಲಿ, ಸಿನಿಮಾ ಸ್ಟುಡಿಯೋಗಳಿಗೆ ಸಸ್ಯಾಹಾರಿ ಊಟ ಕಳಿಸುವ ಅಪ್ಪನ ಅಡುಗೆಮನೆಯ ಮೇಲಿನ ಎರಡು ಕೋಣೆಗಳಲ್ಲಿ. ಅಲ್ಲಿ ಈಜು ಕಲಿಸುವವರು ಇರಲಿಲ್ಲ, ಕಲಿಯುವ ಆಸೆ ಅವಳಿಗೂ ಇರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಅಪ್ಪನ ಕೈ ಹಿಡಿದು ಫೆರಿ ಕಟ್ಟೆಯ ಮೇಲೆ ನಿಂತು ಬಾನ್ ಬರುವುದನ್ನು ನೋಡಿದ್ದಳು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸಮುದ್ರದ ಉಬ್ಬರ ಗಂಗೆಯ ಕವಲಾದ ಹೂಗ್ಲಿ ನದಿಯೊಳಗೆ ನುಗ್ಗಿ, ಅಲೆಯ ಗೋಡೆಯಾಗಿ ಎದ್ದು, ಹರಿವಿಗೆ ವಿರುದ್ಧವಾಗಿ ಉತ್ತರಕ್ಕೆ ಓಡುತ್ತದೆ. ಅದಕ್ಕೆ ಇಲ್ಲಿಯವರು ಬಾನ್ ಅನ್ನುತ್ತಾರೆ. ಅವತ್ತು ಅದು ಬಡಿದಾಗ ಕಟ್ಟೆಯ ಹಲಗೆ ಅವಳ ಕಾಲಡಿ ಎದ್ದು ಬಿದ್ದಿತ್ತು. ಆಮೇಲೆ ಫೆರಿ ಹತ್ತಿದಾಗಲೆಲ್ಲ ಅವಳು ನಡುವಿನ ಕಂಬ ಹಿಡಿದೇ ನಿಲ್ಲುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತಾರು. ಕರ್ನಾಟಕದಿಂದ ಬರುವವರಿಗೆ ಎರಡು ದಿನ ಕೊಲ್ಕತ್ತ ತೋರಿಸುವುದು ಅವಳ ಕೆಲಸ. ಮೊದಲ ದಿನ ಉತ್ತರ ಕೊಲ್ಕತ್ತದ ಹಳೆಯ ಜಮೀನ್ದಾರಿ ಮನೆಗಳು, ಎರಡನೇ ದಿನ ಕುಮಾರ್ತುಲಿಯ ಮೂರ್ತಿಕಾರರ ಓಣಿ, ನದಿ ದಂಡೆ. ನಡುನಡುವೆ ಊಟ. ಮೀನು ತಿನ್ನುವ ಊರು ಎಂದು ಹೆದರಿ ಬಂದವರಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಬಂಗಾಳಿ ಅಡುಗೆಯೇ ಬೇರೆ ಇದೆ ಎಂದು ತೋರಿಸುವುದರಲ್ಲಿ ಅವಳಿಗೆ ಖುಷಿ ಇತ್ತು. ಅಡುಗೆಯವನ ಹತ್ತಿರ ಹೋಗಿ ಮೀನಿನ ಬಾಣಲೆ ಬೇರೆಯದೇ ಎಂದು ಕೇಳಿಕೊಂಡು ಬರುತ್ತಿದ್ದಳು. ಅವಳ ಕನ್ನಡ ಅರ್ಧಂಬರ್ಧ. ಅರ್ಥವೆಲ್ಲ ಆಗುತ್ತಿತ್ತು; ಮಾತಾಡುವಾಗ, ಅದರಲ್ಲೂ ಹಿರಿಯರ ಜೊತೆ ವಾದ ಮಾಡುವಾಗ, ಶಬ್ದಗಳು ಕೈಕೊಡುತ್ತಿದ್ದವು.

ಈ ಸಲ ಬಂದವರು ಮೈಸೂರಿನ ರಾಜಗೋಪಾಲ ಮತ್ತು ಅವರ ಹೆಂಡತಿ ಕೃಷ್ಣವೇಣಿ. ಅವರ ಮಗಳು ವೈಷ್ಣವಿ ಫೋನಿನಲ್ಲಿ ಎಲ್ಲ ಗೊತ್ತು ಮಾಡಿ, ಕೊನೆಗೆ ಒಂದು ಮಾತು ಹೇಳಿದ್ದಳು: "ಅಪ್ಪ ಹಟಮಾರಿ. ಅಮ್ಮನ ಜೊತೇಲೇ ಇರಿ. ಇಬ್ಬರನ್ನೂ ಜೋಪಾನವಾಗಿ ರೂಮಿಗೆ ವಾಪಸ್ ಬಿಟ್ಟು ನಂಗೊಂದು ಮೆಸೇಜ್ ಹಾಕಿ."

ರಾಜಗೋಪಾಲ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದವರು. ಸುತ್ತಿಗೆಯ ಸದ್ದಿಗೆ ಎರಡೂ ಕಿವಿ ಹೋಗಿದ್ದವು. ಮಿಷನ್ ಹಾಕಿಕೊಂಡರೆ ಕೇಳುತ್ತಿತ್ತು, ತೆಗೆದರೆ ಏನೂ ಇಲ್ಲ. ಕೃಷ್ಣವೇಣಿಗೆ ಅರವತ್ತಮೂರು. ತಿನ್ನಬೇಕಾದ್ದನ್ನೆಲ್ಲ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಮೊದಲ ದಿನವೇ ಶುಕ್ತೊ, ಬೇಳೆ ಬಿಲ್ಲೆಯ ಸಾರು ಧೋಕಾರ್ ಡಾಲ್ನಾ, ಸಿಹಿ ಮೊಸರು ಮಿಷ್ಟಿ ದೋಯ್ ಮೂರಕ್ಕೂ ಟಿಕ್ ಬಿದ್ದಿತ್ತು.

"ಹಾಗಲಕಾಯಿಗೆ ಹಾಲು ಹಾಕ್ತಾರಂತೆ ಕಣ್ರೀ, ಶುಕ್ತೊಗೆ," ಎಂದು ಗಂಡನಿಗೆ ಹೇಳಿದ್ದರು. "ನಾನು ಮನೇಲಿ ಹಾಗೆ ಮಾಡಿದ್ದಿದ್ರೆ ನಿಮ್ಮಮ್ಮ ತಟ್ಟೆ ಎಸೀತಿದ್ರು."

"ನಮ್ಮಮ್ಮನ ಸುದ್ದಿ ಬೇಡ."

"ಹೋದವರ ಸುದ್ದಿ ಇನ್ಯಾವಾಗ ಮಾತಾಡೋದು?"

ಸಂಜೆ ಐದೂವರೆಗೆ ಬೀದಿದೀಪ ಹತ್ತಿದಾಗ ಕೃಷ್ಣವೇಣಿ ಆಕಾಶ ನೋಡಿ, "ಇದೇನ್ರೀ, ಇಷ್ಟು ಬೇಗ ಕತ್ತಲೆ? ನಮ್ಮೂರಲ್ಲಿ ಈಗಿನ್ನೂ ಬಿಸಿಲಿರತ್ತೆ," ಎಂದರು.

"ಕತ್ತಲಾದರೇನೇ? ದೇಶಕ್ಕೆಲ್ಲ ಒಂದೇ ಟೈಮು," ಎಂದರು ರಾಜಗೋಪಾಲ. "ಕನ್ಯಾಕುಮಾರಿಯಿಂದ ದಿಬ್ರುಗಢದವರೆಗೂ ರೈಲು ಒಂದೇ ಗಡಿಯಾರದ ಮೇಲೆ ಓಡತ್ತೆ."

ಎರಡನೇ ದಿನ ಮಹಾಲಯ ಅಮಾವಾಸ್ಯೆ. ರಾಜಗೋಪಾಲರ ತಾಯಿ ಹೋದ ಮೇಲಿನ ಮೊದಲ ಮಹಾಲಯ. ಗಂಗೆಯಲ್ಲೇ ತರ್ಪಣ ಬಿಡಬೇಕೆಂದು ಈ ದಿನ ನೋಡಿಯೇ ಟಿಕೆಟ್ ಮಾಡಿಸಿದ್ದರು. ಬೆಳಿಗ್ಗೆ ಆರಕ್ಕೇ ಮಾನ್ಯಳ ಫೋನ್ ಬಡಿದುಕೊಂಡಿತು. ಅಪ್ಪ.

"ಇವತ್ತು ಬಾನ್ ಉಂಟು ಮಾರಾಯ್ತಿ. ಆ ಕಡೆಗೆ ಹನ್ನೆರಡು ಗಂಟೆ ಐದು ನಿಮಿಷಕ್ಕೆ ಅಂತ ಪೇಪರಿನಲ್ಲಿ ಹಾಕಿದ್ದಾರೆ. ಆಚೀಚೆ ಸ್ವಲ್ಪ ಆದೀತು. ಹನ್ನೊಂದೂವರೆ ನಂತರ ಯಾರನ್ನೂ ನೀರಿನ ಹತ್ತಿರ ಬಿಡಬೇಡ."

"ಅಷ್ಟರೊಳಗೆ ಮುಗೀತದೆ ಪಪ್ಪಾ. ಎಲ್ಲರೂ ಬೆಳಿಗ್ಗೆಯೇ ಮಾಡುವುದಲ್ವಾ?"

ಬಂಗಾಳಿಗಳು ಬೆಳಿಗ್ಗೆಯೇ ಮಾಡುತ್ತಾರೆ. ನಸುಕಿನಲ್ಲೇ ಘಾಟ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಒಂಬತ್ತೂವರೆಗೆ ಎಲ್ಲ ಖಾಲಿ. ಮಾನ್ಯ ಎಂಟಕ್ಕೇ ಅವರಿಬ್ಬರನ್ನೂ ಕುಮಾರ್ತುಲಿಗೆ ಕರೆತಂದು, "ಅಂಕಲ್, ಮೊದಲು ಘಾಟ್‌ಗೆ ಹೋಗುವ," ಎಂದಳು.

ರಾಜಗೋಪಾಲ ಚೀಲದಿಂದ ಹಳದಿ ರಟ್ಟಿನ ಪಂಚಾಂಗ ತೆಗೆದರು. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. "ಕುತಪ ಕಾಲ ಅಂತ ಇರತ್ತೆ ಕಣಮ್ಮ, ಮಟಮಟ ಮಧ್ಯಾಹ್ನ. ಪಿತೃಗಳು ಬಂದು ನಿಲ್ಲೋದು ಆಗ. ಹನ್ನೊಂದು ಐವತ್ತಕ್ಕೆ ಶುರು. ಅದಕ್ಕಿಂತ ಮುಂಚೆ ಬಿಟ್ಟ ನೀರು ಯಾರಿಗೂ ಸೇರಲ್ಲ."

ಮಾನ್ಯ ಆ ಕೆಂಪು ಗೆರೆ ನೋಡಿದಳು. "ಅಂಕಲ್, ಇವತ್ತು ಬಾನ್ ಉಂಟು. ಹನ್ನೆರಡು ಐದಕ್ಕೆ. ನೀರು ಉಲ್ಟಾ ಬರ್ತದೆ. ದೊಡ್ಡ ಅಲೆ."

"ನದಿ ಉಲ್ಟಾ ಬರತ್ತಾ?" ಅವರು ನಕ್ಕರು. "ಶ್ರೀರಂಗಪಟ್ಟಣದಲ್ಲಿ ಕಾವೇರಿ ತುಂಬಿ ಹರೀತಿದ್ದಾಗ ಆ ದಡದಿಂದ ಈ ದಡಕ್ಕೆ ಈಜಿದವನು ನಾನು. ಹದಿನೆಂಟು ವರ್ಷ ಆಗ."

"ಈಗ ಅರವತ್ತೊಂಬತ್ತು," ಎಂದರು ಕೃಷ್ಣವೇಣಿ. "ಆ ಹುಡುಗಿ ಹೇಳೋದು ಕೇಳ್ರೀ. ಇಲ್ಲಿಯವಳು ಅವಳು."

ವಾದ ಸ್ವಲ್ಪ ಹೊತ್ತು ನಡೆಯಿತು. ಅಲೆಯ ಎತ್ತರ, ಒಡೆದು ಹೋದ ದೋಣಿಗಳು, ತಾನು ಒಂಬತ್ತನೇ ವಯಸ್ಸಿನಲ್ಲಿ ಕಂಡದ್ದು, ಎಲ್ಲ ಹೇಳಬೇಕೆಂದುಕೊಂಡಳು ಮಾನ್ಯ. ಬಾಯಿಗೆ ಬಂದದ್ದು "ತುಂಬಾ ಡೇಂಜರ್, ಅಂಕಲ್" ಅಷ್ಟೇ. ಕೊನೆಗೆ ರಾಜಗೋಪಾಲರೇ ಒಂದು ದಾರಿ ಹೇಳಿದರು. ನೀರಿನಲ್ಲಿ ಮೂರು ಮುಳುಗು ಮಾತ್ರ, ಎರಡು ನಿಮಿಷ. ತರ್ಪಣವನ್ನು ಮೇಲಿನ ಮೆಟ್ಟಿಲಲ್ಲಿ ಕೂತು ಬಿಡುವುದು. ಹನ್ನೊಂದು ಐವತ್ತಮೂರಕ್ಕೆ ಅವರು ಮೇಲಿರುತ್ತಾರೆ. ಹನ್ನೆರಡು ನಿಮಿಷ ಉಳಿಯುತ್ತದೆ. ಮಾನ್ಯ ಆಯಿತೆಂದಳು. ಅಪ್ಪ ಹೇಳಿದ್ದು ಹನ್ನೊಂದೂವರೆ. ಅದನ್ನು ಅವಳು ಮರೆತಿರಲಿಲ್ಲ.

ಮೂರು ಗಂಟೆ ಕಳೆಯಬೇಕಿತ್ತು. ಕುಮಾರ್ತುಲಿಯ ಓಣಿಯಲ್ಲಿ ಹುಲ್ಲಿನ ಮೈಗೆ ಮಣ್ಣು ಮೆತ್ತಿದ ದುರ್ಗೆಯರು ಸಾಲಾಗಿ ನಿಂತಿದ್ದರು. ಮಹಾಲಯದ ದಿನ ದೇವಿಗೆ ಕಣ್ಣು ಬರೆಯುತ್ತಾರೆ. ಒಬ್ಬ ಮುದುಕ ಏಣಿಯ ಮೇಲೆ ನಿಂತು ಉಸಿರು ಬಿಗಿಹಿಡಿದು ರೆಪ್ಪೆಯ ಗೆರೆ ಎಳೆಯುತ್ತಿದ್ದ. ಕೃಷ್ಣವೇಣಿ ಅರ್ಧ ಗಂಟೆ ಅಲ್ಲೇ ನಿಂತರು. ಮಾನ್ಯ ಮೂರ್ತಿಯನ್ನು ನೋಡಲಿಲ್ಲ, ಫೋನಿನಲ್ಲಿ ಗಂಟೆ ನೋಡುತ್ತಿದ್ದಳು.

ಓಣಿಯ ಬಾಯಲ್ಲಿ ಕಡಲೆಬೇಳೆ ತುಂಬಿದ ಕೊಚುರಿ ಕರಿಯುತ್ತಿದ್ದರು. ಪೂರಿಯ ಹಾಗೆ ಉಬ್ಬುತ್ತಿತ್ತು, ಇಂಗಿನ ಘಮ ಬೀದಿಗೆಲ್ಲ ಬರುತ್ತಿತ್ತು. ಕೃಷ್ಣವೇಣಿ ಎಲೆಯ ದೊನ್ನೆಯಲ್ಲಿ ಎಂಟು ಕಟ್ಟಿಸಿಕೊಂಡರು. ತಿನ್ನಲಿಲ್ಲ. ತರ್ಪಣ ಮುಗಿದು ಗಂಡ ಬಾಯಿಗೆ ಹಾಕುವವರೆಗೂ ಅವರೂ ಉಪವಾಸ.

"ಮುಟ್ಟಿ ನೋಡು, ಇನ್ನೂ ಬಿಸಿಯಿದೆ," ಎಂದು ಮಾನ್ಯಳ ಕೈಯನ್ನು ಚೀಲದೊಳಗೆ ಎಳೆದುಕೊಂಡರು. "ಇವರ ಪಿತೃಗಳು ಸ್ವಲ್ಪ ಬೇಗ ಬಂದಿದ್ರೆ ಏನಾಗ್ತಿತ್ತು? ಅತ್ತೆ ಬದುಕಿದ್ದಾಗಲೂ ಊಟಕ್ಕೆ ಕಾಯಿಸ್ತಿದ್ರು, ಈಗಲೂ ಕಾಯಿಸ್ತಾರೆ."

"ಆಂಟಿ, ನೀವು ನೀರಿಗೆ ಇಳಿಯುವುದಿಲ್ಲ ಅಲ್ವಾ?"

"ನಾನಾ? ನಂಗೆ ಬಕೆಟ್ ತುಂಬ ನೀರು ಕಂಡ್ರೇ ಭಯ ಕಣೆ."

ಹನ್ನೊಂದು ಮೂವತ್ತೈದಕ್ಕೆ ಘಾಟ್‌ನ ದಾರಿ ಹಿಡಿದರು. ದಂಡೆಯುದ್ದಕ್ಕೂ ನಗರ ಸುತ್ತುವ ಚಕ್ರ ರೈಲಿನ ಹಳಿ ಇದೆ, ಅದನ್ನು ದಾಟಿಯೇ ನದಿಗೆ ಹೋಗಬೇಕು. ಹಳಿಯ ಮೇಲೆ ಲೋಕಲ್ ರೈಲೊಂದು ಅಡ್ಡ ನಿಂತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಕೆಲವರು ಬೋಗಿಯೊಳಗೆ ಹತ್ತಿ ಆ ಕಡೆ ಇಳಿದು ಹೋದರು. ರಾಜಗೋಪಾಲ ಒಪ್ಪಲಿಲ್ಲ; ಮೂವತ್ತೈದು ವರ್ಷದ ನೌಕರಿಯಲ್ಲಿ ಹಾಗೆ ಹಳಿ ದಾಟಿದವರಲ್ಲ. ಹನ್ನೊಂದು ಐವತ್ತೊಂದಕ್ಕೆ ರೈಲು ಕದಲಿತು.

"ಅಂಕಲ್, ಇವತ್ತು ಬೇಡ. ತಂಬಿಗೆಯಲ್ಲಿ ನೀರು ತರ್ತೇನೆ, ಮೇಲೆಯೇ ಹುಯ್ಯುವ. ಪ್ಲೀಸ್."

"ಎರಡು ನಿಮಿಷ ಅಂದೆನಲ್ಲಮ್ಮ," ಎಂದು ರಾಜಗೋಪಾಲ ಮುಂದೆ ನಡೆದರು.

ಘಾಟ್‌ನಲ್ಲಿ ನರಪಿಳ್ಳೆಯೂ ಇರಲಿಲ್ಲ. ಬೆಳಗಿನ ಹೂವು, ಎಳ್ಳು, ಬಾಳೆಎಲೆ ಕೆಸರಿನಲ್ಲಿ ತುಳಿದು ಹೋಗಿದ್ದವು. ಮೇಲೆ ಒಬ್ಬ ಚಹಾದ ಹೆಂಗಸು ತನ್ನ ಒಲೆಯನ್ನು ಎತ್ತಿ ಗೋಡೆಯ ಆಚೆಗೆ ಇಡುತ್ತಿದ್ದಳು. ಇಳಿತದ ನೀರು ತೀರ ಕೆಳಗೆ ಹೋಗಿ, ದಿನವೂ ಮುಳುಗಿರುವ ಮೆಟ್ಟಿಲುಗಳು ಹಸಿರು ಲೋಳೆ ಮೆತ್ತಿಕೊಂಡು ಮೇಲೆದ್ದಿದ್ದವು.

"ನೋಡು, ಎಷ್ಟು ಪ್ರಶಾಂತವಾಗಿದೆ," ಎಂದರು ರಾಜಗೋಪಾಲ. "ಕಾಶೀಲೂ ಇಂಥ ಜಾಗ ಸಿಗಲ್ಲ."

ಮಾನ್ಯ ನದಿ ನೋಡಿದಳು. ದಡಕ್ಕೆ ಕಟ್ಟಿರಬೇಕಾದ ದೋಣಿಗಳು ಒಂದೂ ಇರಲಿಲ್ಲ. ಎಲ್ಲವೂ ನಡುನೀರಿನಲ್ಲಿದ್ದವು. ದಡದಲ್ಲಿದ್ದರೆ ಬಾನ್ ದೋಣಿಯನ್ನು ಮೆಟ್ಟಿಲಿಗೆ ಬಡಿದು ಒಡೆಯುತ್ತದೆಂದು ಅಂಬಿಗರು ಮೊದಲೇ ನಡುವಿಗೆ ಒಯ್ದು, ಮೂತಿಯನ್ನು ದಕ್ಷಿಣಕ್ಕೆ ತಿರುಗಿಸಿ ಕಾಯುತ್ತಾರೆ. ಎಂಟೋ ಒಂಬತ್ತೋ ದೋಣಿ. ಎಲ್ಲದರ ಮೂತಿಯೂ ದಕ್ಷಿಣಕ್ಕೆ.

ರಾಜಗೋಪಾಲ ಪಂಚೆ ಕಚ್ಚೆ ಹಾಕಿದರು. ಕಿವಿಯ ಮಿಷನ್ ಎರಡನ್ನೂ ತೆಗೆದು ಡಬ್ಬಿಯಲ್ಲಿಟ್ಟು ಹೆಂಡತಿಗೆ ಕೊಟ್ಟರು. ಕೃಷ್ಣವೇಣಿ ಅದನ್ನು ಹೆಗಲ ಚೀಲದೊಳಗೆ ಕೊಚುರಿಯ ಪಕ್ಕ ಇಟ್ಟುಕೊಂಡರು. ಪಂಚಾಂಗ, ಒಣಬಟ್ಟೆಯ ಚೀಲ ಮೇಲಿನ ಮೆಟ್ಟಿಲಲ್ಲಿ ಉಳಿದವು. ತಾಮ್ರದ ತಂಬಿಗೆ, ಪಂಚಪಾತ್ರೆ, ಎಳ್ಳಿನ ಪೊಟ್ಟಣವನ್ನು ನೀರಿನಂಚಿಗೆ ಒಯ್ದರು. ಒಂದು ಮುಳುಗಿಗೂ ಸಂಕಲ್ಪ ಪೂರ್ತಿ ಹೇಳಬೇಕು. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ. ಗಂಗೆಯ ಪೂರ್ವ ತೀರ ಎಂಬಲ್ಲಿ ಒಂದು ಕ್ಷಣ ತಡೆದು, ಸೂರ್ಯನ ಕಡೆ ನೋಡಿ ದಿಕ್ಕು ಖಚಿತ ಮಾಡಿಕೊಂಡರು. ಮಾನ್ಯ ಫೋನ್ ನೋಡಿದಳು. ಹನ್ನೊಂದು ಐವತ್ತೊಂಬತ್ತು.

ಅವರು ಇಳಿದರು. ಎದೆಯವರೆಗಿನ ನೀರಿಗೆ ಹೋಗಿ ಉತ್ತರಕ್ಕೆ ಮುಖ ಮಾಡಿದರು. ನದಿಯಲ್ಲಿ ಮೀಯುವವನು ಹರಿವಿಗೆ ಎದುರಾಗಿ ನಿಲ್ಲಬೇಕು, ಅದು ಅವರ ಮನೆಯ ಕ್ರಮ. ತರ್ಪಣಕ್ಕಾದರೆ ದಕ್ಷಿಣಕ್ಕೆ ತಿರುಗುತ್ತಿದ್ದರು. ಮೊದಲು ಸ್ನಾನ. ಬಾನ್ ಬರುವುದು ದಕ್ಷಿಣದಿಂದ.

ಒಂದು ಮುಳುಗು. ಎದ್ದು, ಮೂಗು ಹಿಡಿದು, ಏನೋ ಮಂತ್ರ ಹೇಳುತ್ತ ನಿಂತರು.

ಆಗ ಮಾನ್ಯಳಿಗೆ ರೈಲಿನ ಸದ್ದು ಕೇಳಿಸಿತು. ಹಿಂದೆ ತಿರುಗಿ ಹಳಿ ನೋಡಿದಳು. ಹಳಿಯ ಮೇಲೆ ರೈಲು ಇರಲಿಲ್ಲ.

"ಉಠೇ ಆಶುನ್!" ಎಂದು ಚಹಾದ ಹೆಂಗಸು ಮೇಲಿಂದ ಅರಚಿದಳು. "ಬಾನ್! ಬಾನ್ ಆಶ್ಛೇ!"

"ಅಂಕಲ್!" ಎಂದು ಮಾನ್ಯ ಕೂಗಿದಳು. "ಅಂಕಲ್, ಮೇಲೆ ಬನ್ನಿ!" ಗಂಟಲು ಹರಿಯುವಂತೆ ಕೂಗಿದಳು. ಅವರ ಬೆನ್ನು ಅಲುಗಲಿಲ್ಲ. ಎರಡನೇ ಮುಳುಗು ಹಾಕಿದರು.

"ಕೂಗಿದ್ರೆ ಕೇಳತ್ತೇನೇ ಅವರಿಗೆ? ಮಿಷನ್ ನನ್ನ ಹತ್ರ ಇದೆ," ಎಂದರು ಕೃಷ್ಣವೇಣಿ. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಆಂಟಿ ಬೇಡ. ನಾನು ಹೋಗ್ತೇನೆ."

ಮಾನ್ಯ ಹಾಗೆಂದಳು. ಎರಡು ಮೆಟ್ಟಿಲು ಇಳಿದಳು. ಲೋಳೆಯ ಮೇಲೆ ಕಾಲು ಜಾರಿತು. ತಲೆ ಎತ್ತಿದಾಗ ದಕ್ಷಿಣದ ತಿರುವಿನಲ್ಲಿ ದಡಕ್ಕಂಟಿಕೊಂಡು ಒಂದು ಬಿಳಿ ಗೆರೆ ಕಂಡಿತು. ಗೆರೆ ದಪ್ಪವಾಗುತ್ತಿತ್ತು. ಅವಳ ಕಾಲು ಕಲ್ಲಿಗೆ ಮೊಳೆ ಹೊಡೆದಂತೆ ನಿಂತಿತು. ಆ ಹೊತ್ತಿಗೆ ಕೃಷ್ಣವೇಣಿ ಅವಳನ್ನು ದಾಟಿ, ಒಂದು ಕೈ ನೆಲಕ್ಕೂರಿ, ಮಗುವಿನ ಹಾಗೆ ಕುಂಡೆ ಊರಿಕೊಂಡು ಇಳಿಯುತ್ತಿದ್ದರು. ಚೀಲ ಹೆಗಲಲ್ಲೇ ಇತ್ತು.

ನೀರು ಅವರ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕೈ ಚಾಚಿ ಗಂಡನ ಬೆನ್ನಿಗೆ ಹೊಡೆದರು. ರಾಜಗೋಪಾಲ ಬೆಚ್ಚಿ ತಿರುಗಿದರು. ಮಂತ್ರದ ನಡುವೆ ಮುಟ್ಟಿದ್ದಕ್ಕೆ ಬೈಯಲು ಬಾಯಿ ತೆರೆದರು. ಈಗ ಅವರ ಮುಖ ದಕ್ಷಿಣಕ್ಕಿತ್ತು. ಹೆಂಡತಿಯ ತಲೆಯ ಮೇಲಿಂದ ಆಚೆ ನೋಡಿದರು.

ಅಲೆ ಆಳೆತ್ತರಕ್ಕಿಂತ ಹೆಚ್ಚಿರಲಿಲ್ಲ ಎಂದು ಚಹಾದ ಹೆಂಗಸು ಆಮೇಲೆ ಪೊಲೀಸರಿಗೆ ಹೇಳಿದಳು. ಮಾನ್ಯಳಿಗೆ ಎತ್ತರ ನೆನಪಿಲ್ಲ. ಅದು ಮೆಟ್ಟಿಲುಗಳನ್ನು ಒಂದೊಂದಾಗಿ ಬಡಿಯುತ್ತ ಬಂದದ್ದು ನೆನಪಿದೆ. ತಾನು ಹಿಂದೆ ತಿರುಗಿ ಮೂರು ಮೆಟ್ಟಿಲು ಹತ್ತಿದ್ದು ನೆನಪಿದೆ. ಇಳಿದದ್ದು ಎರಡು, ಹತ್ತಿದ್ದು ಮೂರು. ನೀರು ಅವಳ ಮೊಣಕಾಲಿನವರೆಗೆ ಬಂದು ಚಪ್ಪಲಿ ಎಳೆದುಕೊಂಡು ಹೋಯಿತು.

ಅಲೆ ರಾಜಗೋಪಾಲರನ್ನು ಎತ್ತಿ ಘಾಟ್‌ನ ಪಕ್ಕದ ಗೋಡೆಗೆ ಎಸೆಯಿತು. ಅಲ್ಲಿ ದೋಣಿ ಕಟ್ಟುವ ಕಬ್ಬಿಣದ ಸರಪಳಿ ಇತ್ತು. ಐವತ್ತು ವರ್ಷದ ಹಿಂದಿನ ಈಜು ಕೈಗೆ ನೆನಪಿತ್ತು; ಒಂದೇ ಹಿಡಿತಕ್ಕೆ ಸರಪಳಿ ಸಿಕ್ಕಿತು. ಕೃಷ್ಣವೇಣಿಯ ಕಂದು ಸೀರೆ ಒಮ್ಮೆ ಮೇಲೆ ಬಂತು. ಘಾಟ್‌ನಿಂದ ಉತ್ತರಕ್ಕೆ, ನದಿಯ ಹರಿವಿಗೆ ಎದುರಾದ ದಿಕ್ಕಿಗೆ, ಹೋಗುತ್ತಿತ್ತು. ಎರಡನೇ ಸಲ ಕಾಣಲಿಲ್ಲ. ನಡುನೀರಿನ ದೋಣಿಗಳು ಎದ್ದು ಬಿದ್ದು ಎದ್ದು, ಸುಮ್ಮನಾದವು.

ಮಧ್ಯಾಹ್ನ ಎರಡಕ್ಕೆ ನದಿ ಪೊಲೀಸರ ಎರಡು ದೋಣಿ ಹುಡುಕುತ್ತಿದ್ದವು. ರಾಜಗೋಪಾಲರ ಹಣೆಗೆ ಪಟ್ಟಿ ಕಟ್ಟಿ, ಯಾರದೋ ಗಮಛಾ ಟವೆಲು ಹೊದಿಸಿ ಹೊರಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಅವರಿಗೆ ಒಂದು ಸದ್ದೂ ಕೇಳುತ್ತಿರಲಿಲ್ಲ. ಕಿವುಡರ ಏರುದನಿಯಲ್ಲಿ ಬಂದುಬಂದವರನ್ನೆಲ್ಲ ಕನ್ನಡದಲ್ಲಿ ಕೇಳುತ್ತಿದ್ದರು: "ವೇಣಿ ಎಲ್ಲಿ? ವೇಣಿ ಎಲ್ಲಿ ರೀ?" ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮಾನ್ಯಳಿಗೆ ಕನ್ನಡ ಬರೆಯಲು ಬಾರದು. ಹುಡುಕುತ್ತಿದ್ದಾರೆ ಎಂದು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬರೆದು ತೋರಿಸಿದಳು. ಅವರು ಓದಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಅವಳು ಅದನ್ನೇ ಮತ್ತೆ ತೋರಿಸಿದಳು.

ಊಟ ಸಾಗಿಸುವ ವ್ಯಾನಿನಲ್ಲಿ ಹರಿದಾಸ ಬಂದ. ಮಗಳ ತಲೆ ಮುಟ್ಟಿ ನೋಡಿದ, ಬರಿಗಾಲು ನೋಡಿದ. ಮೇಲಿನ ಮೆಟ್ಟಿಲಲ್ಲಿ ಒದ್ದೆಯಾಗದೆ ಉಳಿದು ಈಗ ಬೆಂಚಿನ ಮೇಲಿದ್ದ ಪಂಚಾಂಗ ಎತ್ತಿಕೊಂಡು ಪುಟ ತಿರುಗಿಸಿದ. ಕೆಂಪು ಗೆರೆ ಸಿಕ್ಕಿತು.

"ಇದು ಮೈಸೂರಿನದ್ದಲ್ವಾ," ಎಂದ.

"ಹೌದು. ಯಾಕೆ?"

"ಇಲ್ಲಿ ಸೂರ್ಯ ಬೇಗ ಹುಟ್ತಾನೆ, ಬೇಗ ನೆತ್ತಿಗೆ ಬರ್ತಾನೆ. ಊರಿನ ಪಂಚಾಂಗದ ಟೈಮಿನಿಂದ ಮುಕ್ಕಾಲು ಗಂಟೆ ಕಳೀಬೇಕು. ನಾನು ಪ್ರತಿ ವರ್ಷ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೀತೇನಲ್ಲ, ಅದು ಇದೇ. ಇವರ ಕುತಪ ಇವತ್ತು ಹನ್ನೊಂದರ ಹೊತ್ತಿಗೇ ಶುರುವಾಗಿತ್ತು. ಹನ್ನೆರಡಕ್ಕೆ ಮುಗಿದೇ ಹೋಗಿತ್ತು."

ಹನ್ನೊಂದಕ್ಕೆ ಅವರು ಕೊಚುರಿ ಕಟ್ಟಿಸುತ್ತಿದ್ದರು. ಅಡುಗೆಮನೆಯ ಗೋಡೆಯ ಮೇಲಿನ ಆ ಪೆನ್ಸಿಲ್ ಅಂಕಿಯನ್ನು ಮಾನ್ಯ ಚಿಕ್ಕಂದಿನಿಂದ ನೋಡಿದ್ದಳು. ಯಾಕೆಂದು ಕೇಳಿರಲಿಲ್ಲ.

"ಏನಂತೆ? ಏನು ಹೇಳ್ತಿದ್ದಾರೆ ನಿಮ್ಮ ತಂದೆ?" ಎಂದರು ರಾಜಗೋಪಾಲ ಜೋರಾಗಿ. "ಸಿಕ್ಕಳಂತಾ?"

ಮಾನ್ಯ ಫೋನ್ ಕೈಗೆ ತೆಗೆದುಕೊಂಡಳು. ಅಪ್ಪ ಹೇಳಿದ್ದನ್ನು ಬರೆಯಲಿಲ್ಲ. ಮೊದಲಿನದ್ದನ್ನೇ ತೋರಿಸಿದಳು. ಅಷ್ಟರಲ್ಲಿ ಪರದೆಯ ಮೇಲೆ ವೈಷ್ಣವಿಯ ಹೆಸರು ಬಂತು. ಹರಿದಾಸ ಮಗಳ ಕೈಯಿಂದ ಫೋನ್ ತೆಗೆದುಕೊಂಡು ಹೊರಗೆ ಹೋದ.

ಸಂಜೆಯಾಗುತ್ತ ಬೆಳಕು ಹೋಯಿತು. ದೋಣಿಗಳು ಬರಿದೇ ವಾಪಸು ಬಂದವು. ಮೇಜಿನ ಹಿಂದಿನ ಪೊಲೀಸು ಕಾಗದ ಎಳೆದುಕೊಂಡು ಏನೇನು ಹೋಗಿದೆ ಎಂದು ಬಂಗಾಳಿಯಲ್ಲಿ ಕೇಳಿದ. ಚೀಲದಲ್ಲಿದ್ದುದು, ಕೈಯಲ್ಲಿದ್ದುದು, ಎಲ್ಲ ಹೇಳು ಎಂದ. ಮಾನ್ಯ ಹೇಳುತ್ತ ಹೋದಳು, ಅವನು ಬರೆದುಕೊಂಡ.

ತಾಮ್ರದ ತಂಬಿಗೆ ಒಂದು. ಪಂಚಪಾತ್ರೆ ಒಂದು. ಎಳ್ಳಿನ ಪೊಟ್ಟಣ ಒಂದು. ಹೆಗಲ ಚೀಲ ಒಂದು. ಅದರಲ್ಲಿ ಕಿವಿಯ ಮಿಷನ್ ಎರಡು, ನೋಟ್‌ಬುಕ್ ಒಂದು, ಕೊಚುರಿ ಎಂಟು. ಚಪ್ಪಲಿ ಒಂದು ಜೊತೆ. ಹೆಂಗಸು ಒಬ್ಬರು, ವಯಸ್ಸು ಅರವತ್ತಮೂರು.